ಪೂರಕ ಸಾಮಗ್ರಿ, ಒಂದು ಲೋಡು

ನಮ್ಮ ಪಕ್ಕದ ಮನೆಯ ಹೊನ್ನಪ್ಪನಿಗೆ ಇರುವ ಜ್ಞಾನವೆಲ್ಲ ಬೋಂಡ ಕಟ್ಟಿಕೊಟ್ಟ ಕಾಗದದಿಂದ ಬಂದದ್ದು. ತಿಂಡಿ ಸುತ್ತಿದ ಹಾಳೆಯನ್ನು ಅವನು ಎಂದೂ ಎಸೆದವನಲ್ಲ. ಎಣ್ಣೆ ಒರೆಸಿ, ಬಿಸಿಲಿಗೆ ಹಿಡಿದು, ಎರಡೂ ಮಗ್ಗುಲು ಓದಿದ ಮೇಲೆಯೇ ಕೈ ತೊಳೆಯುವುದು. ಹೀಗಾಗಿ ಎರಡನೇ ಮಹಾಯುದ್ಧ ಹೇಗೆ ಶುರುವಾಯಿತು ಎಂಬುದು ಅವನಿಗೆ ಗೊತ್ತು, ಯಾರು ಗೆದ್ದರು ಎಂಬುದು ಗೊತ್ತಿಲ್ಲ. ಮುಂದಿನ ಹಾಳೆಯಲ್ಲಿ ಬೇರೆ ಯಾರೋ ಬೋಂಡ ತಿಂದಿರಬೇಕು. ಸಕ್ಕರೆ ಕಾಯಿಲೆಯವರು ಏನು ತಿನ್ನಬಾರದು ಎಂಬುದು ಗೊತ್ತು, ಏನು ತಿನ್ನಬೇಕು ಎಂಬುದು ಗೊತ್ತಿಲ್ಲ. ಆದರೂ ಡೈರಿಯ ಜಗಲಿಯ ಮೇಲೆ ಕೂತು ಅವನು ಮಾತಾಡಿದರೆ ಊರಿನವರು ತಲೆಯಾಡಿಸುತ್ತ ಕೇಳುತ್ತಿದ್ದರು, ಯಾಕೆಂದರೆ ಅವರ ಹಾಲಿನ ಡಿಗ್ರಿ ನೋಡಿ ಬೆಲೆ ಕಟ್ಟುವವನು ಅವನೇ.

ಹೊನ್ನಪ್ಪ ನಮ್ಮೂರಿನ ಹಾಲಿನ ಡೈರಿಯಲ್ಲಿ ಟೆಸ್ಟರು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕೆಲಸ. ನಡುವೆ ಇಡೀ ಹಗಲು ಖಾಲಿ. ಅವನ ಅನಾಹುತಗಳೆಲ್ಲ ಈ ಖಾಲಿ ಹಗಲಿನಲ್ಲೇ ಹುಟ್ಟಿದವು. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ತೊಣ್ಣೂರು ಕೆರೆಗೆ ಒಂದು ಮೈಲಿ ದೂರದ ಈ ಊರಿನ ಅಂಚೆ ಕಚೇರಿಯಲ್ಲಿ ನಾನು ಮೂವತ್ತು ವರ್ಷ ಎಲ್ಲರ ಕಾಗದ ಓದಿ, ಕ್ಷಮಿಸಿ, ಎಲ್ಲರ ಕಾಗದ ತಲುಪಿಸಿ ನಿವೃತ್ತನಾದವನು. ನನ್ನ ಹಗಲೂ ಖಾಲಿಯೇ.

ತೊಂಬತ್ತಾರನೇ ಇಸವಿಯ ಶ್ರಾವಣದಲ್ಲಿ ನಾಗಮಂಗಲದಲ್ಲಿ ಒಂದು ಮದುವೆ. ಹೊನ್ನಪ್ಪನ ಹೆಂಡತಿ ಜಯಲಕ್ಷ್ಮಮ್ಮನ ಕಡೆಯ ನೆಂಟರದ್ದು. ಹೊನ್ನಪ್ಪ, ಜಯಲಕ್ಷ್ಮಮ್ಮ, ಅವರ ಎಂಟು ವರ್ಷದ ಮಗಳು ಅರ್ಪಿತ, ಅವರ ಜೊತೆಗೆ ಕರೆಯದೆ ಹೋದ ನಾನು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ಎದುರಿಗೆ ಜಯಲಕ್ಷ್ಮಮ್ಮನ ಅಣ್ಣ ಮಂಜುನಾಥ. ಕೆ.ಆರ್.ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದಾನೆ. ಅವನ ಪಕ್ಕದಲ್ಲಿ ಮಗ ಕಿಶನ್, ಒಂಬತ್ತು ವರ್ಷ. ಮದುವೆ ಮನೆಯಲ್ಲೂ ಕಾನ್ವೆಂಟಿನ ಟೈ ಕಟ್ಟಿಕೊಂಡು, ಅದು ಸಾರಿನೊಳಗೆ ಇಳಿಯದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಉಣ್ಣುತ್ತಿದ್ದ.

"ಲೋ ಕಿಶನ್, ಮಾವಂಗೆ ಒಂದು ಇಂಗ್ಲಿಷ್ ಪದ್ಯ ಯೋಳ್ಲಾ" ಎಂದ ಮಂಜುನಾಥ. ಹುಡುಗ ಬಾಯೊಳಗಿನ ಲಾಡು ನುಂಗಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಪಂಕ್ತಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಆದ್ದರಿಂದ ಎಲ್ಲರೂ ಮೆಚ್ಚಿಕೊಂಡರು.

"ಭಾವ, ಅರ್ಪಿತನ್ನ ನಮ್ಮಟ್ಟಿಗೆ ಕಳ್ಸಿ. ನಮ್ಮುಡುಗನ ಜೊತೇಲಿ ಕಾನ್ವೆಂಟ್ಗೆ ಓಗ್ತಾಳೆ. ನಿಮ್ಮೂರ ಇಸ್ಕೂಲಲ್ಲಿ ಏನ್ ಐತೆ?" ಎಂದ ಮಂಜುನಾಥ. ಜಯಲಕ್ಷ್ಮಮ್ಮ ತಕ್ಷಣ, "ನಂದೂ ಅದೇ ಯೋಚ್ನೆ ಕಣಣ್ಣ" ಎಂದಳು.

ಹೊನ್ನಪ್ಪನ ಕೈ ಅನ್ನದ ಮೇಲೆ ನಿಂತುಹೋಯಿತು. ಮಗಳೆಂದರೆ ಅವನಿಗೆ ಪ್ರಾಣ. ಡೈರಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ "ಮಗಾ" ಎಂದು ಕೂಗುವವನು. ಅವಳು ಊರಿನ ಶಾಲೆಗೆ ಹೋದರೆ ಹನ್ನೊಂದು ಗಂಟೆಯ ಹೊತ್ತಿಗೆ ಏನಾದರೊಂದು ನೆಪ ಮಾಡಿಕೊಂಡು ಕಾಂಪೌಂಡಿನಾಚೆ ನಿಂತು ಇಣುಕುವವನು. ಅಂಥವನ ಮಗಳನ್ನು ಕೆ.ಆರ್.ಪೇಟೆಗೆ ಕಳಿಸುವ ಮಾತು! ಬೇಡ ಎಂದರೆ ಹೆಂಡತಿ ಬಿಡುವವಳಲ್ಲ. ಏನಾದರೊಂದು ಘನವಾದ ಕಾರಣ ಬೇಕು. ಹೊನ್ನಪ್ಪ ತನ್ನ ತಲೆಯೊಳಗಿನ ಬೋಂಡದ ಕಾಗದಗಳನ್ನೆಲ್ಲ ತಿರುವಿಹಾಕಿದ್ದು ನನ್ನ ಕಣ್ಣಿಗೆ ಕಂಡಿತು.

"ಕಾನ್ವೆಂಟಾ? ಥೂ! ನನ್ ಮಗಳ್ಗೆ ನಾನು ಪ್ರಾಚೀನ ವಿದ್ಯೆ ಕಲಿಸ್ತಾ ಇವ್ನಿ. ಮನೇಲೇಯ. ಫಾರಿನ್ನಲ್ಲಿ ದೊಡ್ಡದೊಡ್ಡೋರೆಲ್ಲ ಈಗ ಇಸ್ಕೂಲು ಬುಡ್ಸಿ ಮನೇಲೇ ಕಲಿಸ್ತಾವ್ರೆ, ಗೊತ್ತಾ? ಮೂರು ಮೆಟ್ಲು ಐತೆ ಅದ್ಕೆ. ಮೊದ್ಲು ಬಾಯಿಪಾಠ, ಆಮೇಲೆ ತರ್ಕ, ಆಮೇಲೆ ಭಾಷಣ. ಆರು ತಿಂಗ್ಳು ಬುಟ್ಟು ನಿನ್ ಮಗನ್ನ ಇವಳ ಮುಂದೆ ಕೂರ್ಸು, ಬಾಯಿ ಬುಡಕಾಗಕಿಲ್ಲ!"

"ಆರು ತಿಂಗ್ಳು ಯಾಕೆ? ಆಯುಧಪೂಜೆ ದಿನ ಕೂರ್ಸಣ" ಎಂದ ಮಂಜುನಾಥ, ಎಲೆಯ ಮುಂದೆ ಎದ್ದು ನಿಂತು. "ನಿಮ್ಮಟ್ಟಿ ಮುಂದೆನೇ ಪರೀಕ್ಷೆ. ಯಾರ ಮಗು ಸೋಲ್ತದೋ ಆ ಮಗು ಗೆದ್ದೋರ ಮನೇಲಿ ಇದ್ಕಂಡು ಓದ್ಲಿ. ಆಯ್ತಾ?"

ತನ್ನ ಮಗ ಸೋಲುವುದುಂಟೆ ಎಂಬ ಧೈರ್ಯದಲ್ಲಿ ಅವನು ಷರತ್ತನ್ನು ಎರಡೂ ಕಡೆಗೆ ಹೊಂದುವಂತೆ ಹೇಳಿಬಿಟ್ಟ. ಪಂಕ್ತಿಯವರೆಲ್ಲ ಸಾಕ್ಷಿ. "ಪೋಸ್ಟ್ ಮೇಷ್ಟ್ರು ಓದ್ದೋರು, ಅವ್ರೇ ಪರೀಕ್ಷೆ ಮಾಡ್ಲಿ" ಎಂದು ಯಾರೋ ಅಂದರು. ನಾನು ಬೇಡವೆನ್ನಲಿಲ್ಲ. ಮೂವತ್ತು ವರ್ಷದಲ್ಲಿ ಸರ್ಕಾರ ನನಗೆ ಅಂಥ ಹುದ್ದೆಯನ್ನು ಕೊಟ್ಟಿರಲಿಲ್ಲ.

ಮಾರನೆಯ ದಿನವೇ ಅರ್ಪಿತಳ ಶಾಲೆ ನಿಂತಿತು. ಹೊನ್ನಪ್ಪ ಅಟ್ಟದಿಂದ ಒಂದು ಹಾಳೆ ಇಳಿಸಿ ನನ್ನ ಮುಂದೆ ಹರಡಿದ. ಪಾಂಡವಪುರ ರೈಲ್ವೆ ಸ್ಟೇಷನ್ನಿನ ಎದುರು ಮೆಣಸಿನಕಾಯಿ ಬೋಂಡ ತಿಂದಾಗ ಸಿಕ್ಕಿದ್ದಂತೆ. "ಮನೆಯೇ ಪಾಠಶಾಲೆ: ಪ್ರಾಚೀನರ ಮೂರು ಮೆಟ್ಟಿಲು" ಎಂದು ದಪ್ಪಕ್ಷರದ ತಲೆಬರಹ. ಬಾಯಿಪಾಠ, ತರ್ಕ, ವಾಕ್ಚಾತುರ್ಯ ಎಂದು ಮೂರು ಪ್ಯಾರಾ. ಅದರ ಕೆಳಗೆ, "ಈ ಕ್ರಮದಲ್ಲಿ ಪೂರಕ ಸಾಮಗ್ರಿಗಳಿಲ್ಲದೆ ಕಲಿಕೆ ಅಪೂರ್ಣ. ಪೂರಕ ಸಾಮಗ್ರಿಗಳು: ಮರಳು, ಒಂದು" ಎಂದಿತ್ತು. ಅಲ್ಲಿಂದಾಚೆಗೆ ಬೋಂಡದ ಎಣ್ಣೆ ಇಳಿದು ಕಾಗದವೇ ತೂತಾಗಿತ್ತು.

"ಒಂದು ಅಂದ್ರೆ ಏನ್ ಮೇಷ್ಟ್ರೆ?" ಎಂದು ಕೇಳಿದ.

ಒಂದು ಹಿಡಿಯೋ, ಒಂದು ತಟ್ಟೆಯೋ ಇರಬೇಕು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಹೊಳೆಯಲಿಲ್ಲ ಎಂಬುದು ಸತ್ಯ. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಮರಳಿನ ಅಳತೆ ಎಂದರೆ ಲೋಡು ಮಾತ್ರ. ಮರಳು ಒಂದು ಎಂದರೆ ಒಂದು ಟ್ರಾಕ್ಟರು, ಎರಡು ಎಂದರೆ ಎರಡು ಟ್ರಾಕ್ಟರು. ಸೇರಿನಲ್ಲಿ ಮರಳು ಅಳೆದವರನ್ನು ನಮ್ಮಪ್ಪನಾಗಲಿ ಅವರಪ್ಪನಾಗಲಿ ನೋಡಿಲ್ಲ.

ತೂತಿನೊಳಗೆ ಮಾಯವಾದ ಉಳಿದ ಸಾಮಗ್ರಿಗಳನ್ನು ಹೊನ್ನಪ್ಪನೇ ಊಹೆ ಮಾಡಿದ. ತಾಳೆಗರಿ ಇದ್ದಿರಲೇಬೇಕು. ದರ್ಭೆ ಚಾಪೆ ಇದ್ದಿರಬೇಕು. ಇವೆಲ್ಲ ಸಿಗುವುದು ಶ್ರೀರಂಗಪಟ್ಟಣದಲ್ಲಿ ಎಂದು ಹೊರಟುಹೋದ. ಅಲ್ಲಿ ಹೊಳೆ ದಂಡೆಯ ಹತ್ತಿರ ಪೂಜೆ ಸಾಮಾನಿನ ಅಂಗಡಿಗೆ ನುಗ್ಗಿ, "ದರ್ಭೆ ಬೇಕು, ತಾಳೆಗರಿ ಬೇಕು, ಒಳ್ಳೆ ಹೊಳೆ ಮರಳು ಎಲ್ಲಿ ಸಿಕ್ತದೆ?" ಎಂದು ಕೇಳಿದ. ಹಳ್ಳಿಯಿಂದ ಒಬ್ಬನೇ ಬಂದವನು ಅಸ್ಥಿ ಬಿಡುವ ಆ ದಂಡೆಯಲ್ಲಿ ದರ್ಭೆ ಕೇಳಿದರೆ ಅಂಗಡಿಯವನು ಏನೆಂದುಕೊಳ್ಳಬೇಕು?

"ಯಾರಿಗಪ್ಪಾ, ತಂದೇಗಾ ತಾಯಿಗಾ?" ಎಂದು ಅಂಗಡಿಯವನು ಮೆತ್ತಗೆ ಕೇಳಿದ.

"ಮಗಳ್ಗೆ."

"ಅಯ್ಯೋ ಶಿವನೇ! ವಯಸ್ಸೆಷ್ಟು?"

"ಎಂಟು" ಎಂದ ಹೊನ್ನಪ್ಪ, ಹೆಮ್ಮೆಯಿಂದ. "ಎಂಟಕ್ಕೇ ಶುರು ಮಾಡ್ಬೇಕು. ತಡ ಮಾಡಿದ್ರೆ ಪ್ರಯೋಜ್ನ ಇಲ್ಲ."

ಅಂಗಡಿಯವನು ಕಣ್ಣೊರೆಸಿಕೊಂಡ. ಸುತ್ತಲಿದ್ದವರು ಬಂದು ಹೊನ್ನಪ್ಪನ ಬೆನ್ನು ಸವರಿದರು. ಪಾಪ ಆಘಾತದಲ್ಲಿ ಏನೇನೋ ಮಾತಾಡುತ್ತಾನೆ ಎಂದು ಒಬ್ಬರು ಭುಜ ಹಿಡಿದು ಮೆಟ್ಟಿಲಿನ ಮೇಲೆ ಕೂರಿಸಿದರು. ಹೊಳೆಯ ಜನ ಎಷ್ಟು ಒಳ್ಳೆಯವರು, ವಿದ್ಯೆಗೆ ಎಷ್ಟು ಬೆಲೆ ಕೊಡುತ್ತಾರೆ ಎಂದು ಹೊನ್ನಪ್ಪ ಅಂದುಕೊಳ್ಳುವಷ್ಟರಲ್ಲಿ ಕ್ಷೌರದವನು ಬಂದು ತಲೆಗೆ ನೀರು ಚಿಮುಕಿಸಿ ಕತ್ತಿ ಇಟ್ಟೇಬಿಟ್ಟ. ನೆತ್ತಿಯ ಮೇಲೆ ಅಂಗೈ ಅಗಲ ಬೋಳಾದ ಮೇಲೆ ಹೊನ್ನಪ್ಪನಿಗೆ ವಿಷಯ ತಿಳಿಯಿತು. "ನನ್ ಮಗಳು ಗುಂಡುಕಲ್ಲಂಗೆ ಬದುಕವ್ಳೆ ಕಣ್ರಯ್ಯಾ!" ಎಂದು ಕಿರುಚಿ, ತಲೆಗೆ ಟವಲು ಸುತ್ತಿಕೊಂಡು ಓಡಿದ. ದಾರಿಯಲ್ಲಿ ನಮ್ಮೂರಿನ ಟ್ರಾಕ್ಟರು ಮರಳು ತುಂಬುತ್ತಿತ್ತು. ಓಡುತ್ತಲೇ, "ನಮ್ಮಟ್ಟಿ ಮುಂದೆ ಒಂದು ಹಾಕ್ಬುಡು!" ಎಂದು ಡ್ರೈವರಿಗೆ ಕೂಗಿದ.

ಸಂಜೆ ಹೊತ್ತಿಗೆ ಅವನ ಮನೆ ಮುಂದೆ ಮರಳಿನ ಗುಡ್ಡೆ ಬಿತ್ತು. ಎದುರು ಮನೆಯ ಮಾದಮ್ಮ ಸೊಂಟಕ್ಕೆ ಕೈಕೊಟ್ಟು ನೋಡಿದಳು. "ಏನ್ಲಾ ಹೊನ್ನಪ್ಪ, ಇದು ಯಾಕ್ಲಾ?"

"ಪೂರಕ ಸಾಮಗ್ರಿ ಕಣಕ್ಕ."

ಮಾದಮ್ಮನಿಗೆ ಅಷ್ಟು ಸಾಕಾಯಿತು. ಹೊನ್ನಪ್ಪ ಮನೆ ಕಟ್ಟುತ್ತಾನೆ ಎಂಬ ಸುದ್ದಿ ಡೈರಿಯ ಹಾಲು ಲಾರಿ ಹತ್ತುವ ಮೊದಲೇ ಊರು ಸುತ್ತಿತು.

ಇತ್ತ ಹೊನ್ನಪ್ಪ ಆದಿಚುಂಚನಗಿರಿಯ ಕಡೆಯ ಒಂದು ಹಳ್ಳಿಯಿಂದ ಮುದ್ದಯ್ಯ ಎಂಬ ಎಂಬತ್ತಾರು ವರ್ಷದ ಮುದುಕರನ್ನು ಕರೆತಂದ. ಮದುವೆಯಲ್ಲಿ ಸಿಕ್ಕಿದ್ದವರು, ಹಳೆಯ ಕೂಲಿಮಠದಲ್ಲಿ ಕಲಿತವರು. ಕೂಲಿಮಠ ಎಂದರೆ ಸರ್ಕಾರದ ಶಾಲೆಗಳು ಬರುವ ಮೊದಲು ಊರವರೇ ಐನೋರಿಗೆ ದವಸ ಅಳೆದು ನಡೆಸುತ್ತಿದ್ದ ಪಾಠಶಾಲೆ. ಅಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಲ್ಲಿ ಬರೆದು ಕಲಿಯುತ್ತಿದ್ದರು. ಇದಕ್ಕಿಂತ ದೊಡ್ಡ ಪೂರಕ ಸಾಮಗ್ರಿ ಎಲ್ಲಿ ಸಿಗಬೇಕು? ಮುದ್ದಯ್ಯನವರನ್ನು ಗುಡ್ಡೆಯ ಪಕ್ಕ ಈಚಲು ಚಾಪೆಯ ಮೇಲೆ ಕೂರಿಸಿ, ಅರ್ಪಿತಳಿಂದ ಕಾಲಿಗೆ ಬೀಳಿಸಿ, "ಶುರು ಮಾಡಿ ತಾತ" ಎಂದ.

ಮುದ್ದಯ್ಯನವರು ಬಹಳ ಹೊತ್ತು ಆಕಾಶ ನೋಡಿದರು. "ಕೋದಂಡ ಆಕ್ತಿದ್ರು ಕಣವ್ವಾ" ಎಂದರು ಕೊನೆಗೆ. "ತೊಲೆಗೆ ಹಗ್ಗ ಕಟ್ಟಿ, ಆ ಹಗ್ಗ ಇಡ್ಕಂಡು ನೇತಾಡ್ಬೇಕು. ಕೆಳ್ಗೆ ಕತ್ತಾಳೆ ಮುಳ್ಳು."

"ಅದು ಶಿಕ್ಷೆ ಅಲ್ವಾ ತಾತ? ಪಾಠ ಯೋಳಿ."

"ಪಾಠ ಮರ್ತೋಯ್ತು ಕಣ್ಲಾ. ಏಟು ಗ್ಯಾಪ್ಕ ಐತೆ."

ಆಮೇಲೆ ವಿಚಾರಿಸಿದರೆ, ಅವರು ಕೂಲಿಮಠದಲ್ಲಿ ಇದ್ದದ್ದು ಒಟ್ಟು ಎರಡೂವರೆ ತಿಂಗಳು. ಕೋದಂಡದಿಂದ ಇಳಿದವರೇ ಹೊಲಕ್ಕೆ ಓಡಿಹೋಗಿ, ಮತ್ತೆ ಬಂದಿರಲಿಲ್ಲ. ಆದರೂ ಮುಕ್ಕಾಲು ಮಗ್ಗಿ ಮಾತ್ರ ಅವರ ಬಾಯಲ್ಲಿ ಉಳಿದಿತ್ತು. ಮುಕ್ಕಾಲು ಒಂದ್ಲಿ ಮುಕ್ಕಾಲು, ಮುಕ್ಕಾಲು ಎರಡ್ಲಿ ಒಂದೂವರೆ ಎಂದು ರಾಗವಾಗಿ ಎಳೆಯುತ್ತಿದ್ದರು. ಅರ್ಪಿತ ಒಂದೇ ವಾರದಲ್ಲಿ ಅದನ್ನು ನೀರು ಕುಡಿದಂತೆ ಹೇಳಲು ಕಲಿತಳು. ಬೆಳಿಗ್ಗೆ ನಾನು ಗಡ್ಡ ಬೋಳಿಸಿಕೊಳ್ಳುವಾಗ ಪಕ್ಕದ ಅಂಗಳದಿಂದ ತಾತ ಮೊಮ್ಮಗಳಂತೆ ಇಬ್ಬರ ದನಿಯೂ ಕೇಳುತ್ತಿತ್ತು. ಮರಳಿನ ಮೇಲೆ ಬರೆದ ಅ ಆ ಇ ಈಯನ್ನು ಮಾದಮ್ಮನ ಕೋಳಿಗಳು ಕೆರೆದು ಅಳಿಸುತ್ತಿದ್ದವು. ಬೆಕ್ಕುಗಳು ಆ ಗುಡ್ಡೆಯನ್ನು ಯಾವುದಕ್ಕೆ ಬಳಸಿಕೊಂಡವು ಎಂದು ನಾನು ಇಲ್ಲಿ ಬರೆಯುವುದಿಲ್ಲ. ದಿನಾ ಪಾಠಕ್ಕೆ ಮುಂಚೆ ಹೊನ್ನಪ್ಪ ಒಂದು ಹಳೆಯ ಜರಡಿ ಹಿಡಿದುಕೊಂಡು ವಿದ್ಯೆಯನ್ನು ಶುದ್ಧಿ ಮಾಡುತ್ತಿದ್ದ.

ಮರಳು ಜರಡಿ ಹಿಡಿಯುವುದನ್ನು ನೋಡಿದ ಮೇಲೆ ಮೇಸ್ತ್ರಿ ಬೀರಯ್ಯನಿಗೆ ಅನುಮಾನವೇ ಉಳಿಯಲಿಲ್ಲ. ನೂಲುಂಡೆ, ಗೂಟ, ಮೊಳಕೋಲು ಸಮೇತ ಬಂದು ನಿಂತ.

"ಹೊನ್ನಪ್ಪಣ್ಣ, ನನ್ನ ಬುಟ್ಟು ಬೇರೆಯೋರ್ಗೆ ಯೋಳಿಲ್ಲ ತಾನೆ? ಮಕ ಯಾವ್ ಕಡೀಕೆ?"

ಪಾಠಕ್ಕೆ ಮಗು ಯಾವ ಕಡೆ ಮುಖ ಮಾಡಿ ಕೂರುತ್ತದೆ ಎಂದು ಕೇಳುತ್ತಿದ್ದಾನೆ ಎಂದುಕೊಂಡ ಹೊನ್ನಪ್ಪ. "ಮೂಡ್ಲಾಗೆ ಕಣಯ್ಯ. ವಿದ್ಯೆಗೆ ಅದೇ ಒಳ್ಳೇದು."

"ಎಷ್ಟು ಎತ್ರುಸ್ತೀಯ?"

"ಮೂರು. ಒಂದರ ಮೇಲೊಂದು. ಮೊದ್ಲನೇದು ಗಟ್ಟಿ ಆಗ್ದೆ ಎರಡ್ನೇದಕ್ಕೆ ಕೈ ಆಕೋ ಅಂಗಿಲ್ಲ ಅಂತ ಪ್ರಾಚೀನರು ಬರ್ದವ್ರೆ."

ಬೀರಯ್ಯ ಗದ್ದ ಹಿಡಿದುಕೊಂಡ. ಊರಿನಲ್ಲಿ ದೇವಸ್ಥಾನದ ಗೋಪುರ ಬಿಟ್ಟರೆ ಮೂರಂತಸ್ತು ಯಾವುದೂ ಇರಲಿಲ್ಲ. ಅವನು ಭಕ್ತಿಯಿಂದ ನೂಲು ಎಳೆದು ಗೂಟ ಹೊಡೆಯತೊಡಗಿದ. ಮೂರನೇ ಗೂಟ ಮಾದಮ್ಮನ ಕೋಳಿಗೂಡಿನ ಮಧ್ಯಕ್ಕೆ ಬಿತ್ತು. ಮಾದಮ್ಮ ಪೊರಕೆ ಹಿಡಿದು ಬಂದಳು. "ನಿನ್ ಮೂರಂತಸ್ತು ನನ್ ಕೋಳಿ ಮ್ಯಾಲೇನ್ಲಾ? ನಿನ್ ಮನೆ ಎಕ್ಕುಟ್ಟೋಗ!" ಬೀರಯ್ಯ ಓಡಿದ, ಆದರೆ ನೂಲು ಹಾಗೆಯೇ ಉಳಿಯಿತು. ಅರ್ಪಿತ ಆ ನೂಲಿನ ಗೆರೆಯ ಮೇಲೆ ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದಳು.

ಮೂರಂತಸ್ತಿನ ಸುದ್ದಿ ಪಂಚಾಯಿತಿಗೆ ಮುಟ್ಟಲು ಎರಡು ದಿನ ಹಿಡಿಯಿತು. ಕಾರ್ಯದರ್ಶಿ ತಿಮ್ಮೇಶ ಲೂನಾದಲ್ಲಿ ಬಂದ.

"ಲೈಸನ್ಸ್ ಎಲ್ಲಿ ಹೊನ್ನಪ್ಪ?"

"ಏನಕ್ಕೆ ಸ್ವಾಮಿ? ಇದು ಅಕ್ಷರ ಬರ್ಯಕೆ ತರ್ಸಿರೋ ಮರಳು."

ತಿಮ್ಮೇಶ ಗುಡ್ಡೆಯನ್ನು ನೋಡಿದ, ಹೊನ್ನಪ್ಪನನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. "ಹದಿನೆಂಟು ವರ್ಷ ಸರ್ವೀಸ್ ಆಗೈತೆ ನಂದು. ದನದ ಕೊಟ್ಟಿಗೆ ಅಂತ ಯೋಳಿ ಮನೆ ಕಟ್ಟಿರೋರ್ನ ಕಂಡಿವ್ನಿ. ಅಕ್ಷರಕ್ಕೆ ಅಂತ ಯೋಳ್ದೋನು ನೀನೊಬ್ನೇ ಕಣಯ್ಯ. ಬರ್ದು ಕೊಡು ಅಂಗಾರೆ."

ಹೊನ್ನಪ್ಪ ಬರೆದುಕೊಟ್ಟ. ಸದರಿ ಮರಳನ್ನು ವಿದ್ಯಾಭ್ಯಾಸಕ್ಕೆ ಹೊರತು ಬೇರಾವ ಉದ್ದೇಶಕ್ಕೂ ಬಳಸುವುದಿಲ್ಲ ಎಂದು. ತಿಮ್ಮೇಶ ಅದನ್ನು ಓದಿ ಮಡಿಚಿ ಜೇಬಿಗಿಟ್ಟು, "ಅಲ್ಲಿಗೆ ಇದು ಶಾಲೆ ಅಂತ ಆಯ್ತು" ಎಂದ. "ಪರ್ಮಿಷನ್ ಇಲ್ದೆ ಶಾಲೆ ತೆಗ್ದಿದ್ದೀಯ. ಮೇಲಕ್ಕೆ ಬರೀಬೇಕಾಯ್ತದೆ."

"ಅಯ್ಯೋ, ಒಂದೇ ಮಗೀಗೆ ಸ್ವಾಮಿ!"

"ಒಂದು ಮಗು, ಒಬ್ಬ ಮೇಷ್ಟ್ರು, ಒಬ್ಬ ಮುದ್ಕ, ಒಂದು ಲೋಡು ಸಾಮಾನು. ಸರ್ಕಾರಿ ಶಾಲೇಲೂ ಇಷ್ಟು ಇರಕಿಲ್ಲ" ಎಂದು ತಿಮ್ಮೇಶ ಲೂನಾ ತುಳಿದ. ಮನೆ ಎಂದರೆ ಪಂಚಾಯಿತಿ ಹಿಡಿಯುತ್ತದೆ, ಶಾಲೆ ಎಂದರೆ ವಿದ್ಯಾ ಇಲಾಖೆ ಹಿಡಿಯುತ್ತದೆ. ಹೊನ್ನಪ್ಪ ಅಂದು ಸಂಜೆ ಹಾಲಿಗೆ ಡಿಗ್ರಿ ಕಡ್ಡಿ ಇಳಿಬಿಡುವ ಬದಲು ಪೆನ್ನನ್ನು ಇಳಿಬಿಟ್ಟನಂತೆ.

ವಿದ್ಯಾ ಇಲಾಖೆಯಿಂದ ಯಾರೂ ಬರಲಿಲ್ಲ, ಬಂದವರು ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಸುನಿತಾ ಮೇಡಂ. ಜಗಳವಾಡಲಿಲ್ಲ. ಅರ್ಪಿತಳ ಹೆಸರು ಇನ್ನೂ ಹಾಜರಿ ಪುಸ್ತಕದಲ್ಲಿದೆ, ಹೊಡೆದುಹಾಕಿಲ್ಲ ಎಂದಷ್ಟೇ ಹೇಳಿ, ನೂಲಿನ ಗೆರೆ ದಾಟಿಕೊಂಡು ಹೋದರು. ಅರ್ಪಿತ ಬೀದಿಯ ತಿರುವಿನವರೆಗೂ ಅವರ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಅದನ್ನು ನಾನು ನೋಡಿದೆ. ಹೊನ್ನಪ್ಪ ಜರಡಿ ಹಿಡಿಯುತ್ತಿದ್ದ, ಅವನು ನೋಡಲಿಲ್ಲ.

ಆಯುಧಪೂಜೆ ಬಂತು. ಬೆಳಿಗ್ಗೆ ಡೈರಿಯಲ್ಲಿ ಹಾಲಿನ ಕ್ಯಾನುಗಳಿಗೂ ಡಿಗ್ರಿ ಕಡ್ಡಿಗೂ ಕುಂಕುಮ ಇಟ್ಟು, ಹೊನ್ನಪ್ಪ ಮನೆಗೆ ಬಂದ. ಮಧ್ಯಾಹ್ನದ ಹೊತ್ತಿಗೆ ಮಂಜುನಾಥನ ಕೆಂಪು ವ್ಯಾನು, ರೇಡಿಯೇಟರಿಗೆ ಸೇವಂತಿಗೆ ಹಾರ ಹಾಕಿಕೊಂಡು, ಬೂಕನಕೆರೆ ದಾಟಿ ಬಂದು ನಿಂತಿತು. ಮೂರಂತಸ್ತಿನ ಸುದ್ದಿ ಕೆ.ಆರ್.ಪೇಟೆಗೂ ಹೋಗಿತ್ತು. ಮಂಜುನಾಥ ಗುಡ್ಡೆಯನ್ನು ಮೂರು ಸುತ್ತು ಹಾಕಿ, "ಭಾವ ಇಷ್ಟು ದೊಡ್ಡ ಕೆಲ್ಸಕ್ಕೆ ಕೈ ಆಕವ್ರೆ, ಒಂದು ಮಾತು ಯೋಳ್ಲಿಲ್ಲ" ಎಂದು ತಂಗಿಯ ಮೇಲೆ ಕಣ್ಣು ಬಿಟ್ಟ. ಮಗಳು ತವರಿನಲ್ಲಿ ಓದಿದರೆ ಸಾಕು, ಊರು ಏನು ಬೇಕಾದರೂ ಅಂದುಕೊಳ್ಳಲಿ ಎಂದು ಜಯಲಕ್ಷ್ಮಮ್ಮ ಆಗಲೇ ಅರ್ಪಿತಳ ಬಟ್ಟೆಯನ್ನು ಚೀಲಕ್ಕೆ ತುಂಬಿ ಬಾಗಿಲ ಹಿಂದೆ ಇಟ್ಟಿದ್ದಳು. ಹೊನ್ನಪ್ಪ ಆ ಚೀಲವನ್ನು ನೋಡಿದವನು ಆಮೇಲೆ ಆ ಬಾಗಿಲ ಕಡೆ ತಿರುಗಲೇ ಇಲ್ಲ.

ದೊಡ್ಡವರು ಒಬ್ಬಟ್ಟು ತಿನ್ನುತ್ತಿದ್ದಾಗ ಮಕ್ಕಳಿಬ್ಬರೂ ಮರಳಿನಲ್ಲಿದ್ದರು. ಕಿಶನ್ ಟೈ ಬಿಚ್ಚಿ ಗೂಟಕ್ಕೆ ಕಟ್ಟಿ, ಮೊಣಕೈವರೆಗೂ ತೋಡಿ ಸುರಂಗ ಮಾಡಿದ್ದ. ಅರ್ಪಿತ ಆಚೆ ಕಡೆಯಿಂದ ತೋಡುತ್ತಿದ್ದಳು. ಒಳಗೆ ಇಬ್ಬರ ಬೆರಳೂ ಸಿಕ್ಕಾಗ ಅವಳು ನಕ್ಕ ನಗು ಊಟದ ಮನೆಗೂ ಕೇಳಿಸಿತು. ಎರಡು ತಿಂಗಳಲ್ಲಿ ಆ ನಗುವನ್ನು ನಾನು ಕೇಳಿರಲಿಲ್ಲ.

ಪರೀಕ್ಷೆಗೆ ಊರಿನ ಅರ್ಧ ಜನ ಸೇರಿದರು. ನಾನು ಇಸ್ತ್ರಿ ಮಾಡಿದ ಪಂಚೆ ಉಟ್ಟು ಕುರ್ಚಿಯ ಮೇಲೆ ಕೂತೆ. ಪಕ್ಕದಲ್ಲಿ ಮುದ್ದಯ್ಯನವರು. ಷರತ್ತನ್ನು ಮತ್ತೊಮ್ಮೆ ಎಲ್ಲರಿಗೂ ಕೇಳುವಂತೆ ಸಾರಿದೆ: ಸೋತ ಮಗು ಗೆದ್ದವರ ಮನೆಗೆ ಹೋಗತಕ್ಕದ್ದು. ಮದುವೆಯ ದಿನ ಲಾಡಿನ ಮೇಲೆ ಗಮನವಿದ್ದ ಮಕ್ಕಳು ಇದನ್ನು ಸರಿಯಾಗಿ ಕೇಳಿಸಿಕೊಂಡದ್ದು ಅದೇ ಮೊದಲು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಿಶನ್, ಏಳೇಳ್ಲಿ ಎಷ್ಟು?"

ಕಿಶನ್ ಮರಳಿನ ಗುಡ್ಡೆಯನ್ನೊಮ್ಮೆ ಆಸೆಯಿಂದ ನೋಡಿದ. "ಗೊತ್ತಿಲ್ಲ."

"ಇಂಗ್ಲಿಷ್ ಪದ್ಯ ಹೇಳು."

"ಮರ್ತೋಯ್ತು."

"ನಿನ್ನ ಶಾಲೆಯ ಹೆಸರು?"

"ಗೊತ್ತಿಲ್ಲ" ಎಂದು ಹುಡುಗ ಎದೆಯುಬ್ಬಿಸಿ ನಿಂತ. ಮಂಜುನಾಥನ ಮುಖ ಅವನ ವ್ಯಾನಿನ ಬಣ್ಣಕ್ಕೆ ತಿರುಗಿತು. ಹೊನ್ನಪ್ಪನಿಗೆ ಸಂತೋಷಕ್ಕೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದೇ ಒಂದು ಸರಿಯುತ್ತರ ಸಾಕು, ಮಗಳು ಅವನಲ್ಲೇ ಉಳಿಯುತ್ತಾಳೆ. ನಾನೂ ನೆರೆಯವನ ಕಷ್ಟ ಅರಿತು ಸುಲಭದ್ದನ್ನೇ ಆರಿಸಿದೆ.

"ಅರ್ಪಿತ, ಮುಕ್ಕಾಲು ನಾಲ್ಕ್ಲಿ ಎಷ್ಟವ್ವ?"

"ಹದಿನೇಳು."

ಮುದ್ದಯ್ಯನವರು ಎದ್ದು ಕೂತರು. "ಲೇ ಕೂಸೇ, ಮೂರಲ್ವೇನೇ!"

"ಇರಲಿ, ಇರಲಿ" ಎಂದೆ ನಾನು. "ಅ ಆದ ಮೇಲೆ ಯಾವ ಅಕ್ಷರ?"

"ಗೊತ್ತಿಲ್ಲ."

ಇನ್ನು ಇದಕ್ಕಿಂತ ಸುಲಭದ ಪ್ರಶ್ನೆ ಭೂಮಿಯ ಮೇಲೆ ಇಲ್ಲ ಎಂದುಕೊಂಡು ಕೇಳಿದೆ: "ನಿಮ್ಮಪ್ಪನ ಹೆಸರೇನವ್ವ?"

ಅರ್ಪಿತ ಅಪ್ಪನನ್ನು ನೋಡಿದಳು. ಅವನ ಕಣ್ಣುಗಳು ಅವಳ ಬಾಯನ್ನೇ ನೋಡುತ್ತಿದ್ದವು. "ಗೊತ್ತಿಲ್ಲ" ಎಂದಳು.

ಯಾರೂ ನಗಲಿಲ್ಲ. ನನಗಂತೂ ಪರೀಕ್ಷಕನ ಕುರ್ಚಿ ಸಾಕೆನಿಸಿತು. ಆದರೂ ತೀರ್ಪು ಕೊಡಲೇಬೇಕಲ್ಲ, ಕಾನೂನು ಬಲ್ಲವನು ನಾನು. "ಇಬ್ಬರೂ ಸೋತಿದ್ದಾರೆ. ಷರತ್ತಿನ ಪ್ರಕಾರ ಅರ್ಪಿತ ಕೆ.ಆರ್.ಪೇಟೆಗೆ ಹೋಗತಕ್ಕದ್ದು. ಕಿಶನ್ ಇಲ್ಲಿಗೆ ಬರತಕ್ಕದ್ದು."

"ಏನ್ ಮೇಷ್ಟ್ರೆ, ತಲೆ ಕೆಟ್ಟಿದ್ದದಾ?" ಎಂದು ಮಂಜುನಾಥ ಎಗರಿದ. "ಇರೋನೊಬ್ಬ ಮಗನ್ನ ಮರಳು ಗುಡ್ಡೆ ಮೇಲೆ ಬುಟ್ಟೋಗ್ಲಾ?" ಕಿಶನ್ ಆಗಲೇ ಕೇಕೆ ಹಾಕಿ ಗುಡ್ಡೆಯ ತುದಿಗೆ ಏರಿದ್ದ. ಅಷ್ಟರಲ್ಲಿ ಅರ್ಪಿತ ಜೋರಾಗಿ ಅಳತೊಡಗಿದಳು.

"ಅವ್ನು ಇಲ್ಲಿಗೆ ಬಂದ್ರೆ ನಾನು ಅಲ್ಲೋಗಿ ಏನ್ ಮಾಡ್ಲಿ? ನಾನು ಸೋತಿದ್ದು ಅಲ್ಲಿ ಅವ್ನಿರ್ತಾನೆ ಅಂತ! ಅವ್ನು ಸೋತ್ರೆ ಇಲ್ಲಿಗೆ ಬರ್ತಾನೆ ಅಂತ ನಂಗೆ ಒಳೀಲೇ ಇಲ್ಲ!"

ಹೊನ್ನಪ್ಪ ಬಂದು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಬೇಕೂಂತ್ಲೇ ಸೋತ್ಯೇನವ್ವಾ? ಅಪ್ಪ ಬ್ಯಾಡ್ವಾ ನಿಂಗೆ?"

"ನೀನು ಬೇಕು ಕಣಪ್ಪ" ಎಂದಳು ಅವಳು ಬಿಕ್ಕುತ್ತ. "ಆದ್ರೆ ಇಲ್ಲಿ ನೀನು, ತಾತ, ಬೀರಯ್ಯಣ್ಣ, ಪೋಸ್ಟ್ ತಾತ. ಎಲ್ರೂ ದೊಡ್ಡೋರೇಯ. ಮಗ್ಗಿ ಯೋಳ್ದ್ರೆ ಆಮೇಲೆ ಯಾರ್ ಜೊತೆ ಆಡ್ಲಿ? ಕುಂಟಾಬಿಲ್ಲೇಲಿ ದಿನಾ ನಾನೇ ಗೆಲ್ತೀನಿ, ನಾನೇ ಸೋಲ್ತೀನಿ."

ಹೊನ್ನಪ್ಪ ತಲೆ ತಗ್ಗಿಸಿದ. ತಾಳೆಗರಿಗೆ ಶ್ರೀರಂಗಪಟ್ಟಣಕ್ಕೆ ಹೋದವನು, ಮುದುಕನಿಗಾಗಿ ನಾಗಮಂಗಲ ಸೀಮೆ ಅಲೆದವನು, ಮಗುವಿಗೆ ಇನ್ನೊಂದು ಮಗು ಬೇಕು ಎಂಬುದನ್ನು ಮಾತ್ರ ಮರೆತಿದ್ದ. ಇದು ಅವನಿಗೆ ತಿಳಿಯಿತು ಎಂದು ನನಗೆ ತಿಳಿಯಿತು. ಅವನು ಎದ್ದು, "ಮಂಜಣ್ಣ, ನಾನು ಸೋತೆ ಕಣಯ್ಯ" ಎಂದ. "ಆದ್ರೆ ಮಗೀನ ಮಾತ್ರ ಕಳ್ಸಕಿಲ್ಲ. ರಜ ಕಳೀತಿದ್ದಂಗೆ ನಮ್ಮೂರ ಇಸ್ಕೂಲಿಗೇ ಬುಡ್ತೀನಿ. ಅಲ್ಲಿ ಅವಳ ವಾರ್ಗೆಯೋರೆಲ್ಲ ಅವ್ರೆ."

ಮಂಜುನಾಥ ವಾದ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅವನ ಮಗ ಗುಡ್ಡೆಯನ್ನು ತಬ್ಬಿಕೊಂಡು ಮಲಗಿದ್ದ, ಎಳೆದರೆ ಬರುತ್ತಿರಲಿಲ್ಲ. ಕೊನೆಗೆ ಎರಡು ಗೋಣಿಚೀಲ ಮರಳು ತುಂಬಿ ವ್ಯಾನಿಗೆ ಹಾಕಿದ ಮೇಲೆ ಹುಡುಗ ಹತ್ತಿದ. ಜಯಲಕ್ಷ್ಮಮ್ಮ ಗಂಡನನ್ನು ಒಂದು ನೋಟ ನೋಡಿ, ಬಾಗಿಲ ಹಿಂದಿನ ಚೀಲವನ್ನು ಒಳಗೆ ಒಯ್ದಳು. ಜನ ಚದುರುತ್ತಿದ್ದಾಗ ಮೇಸ್ತ್ರಿ ಬೀರಯ್ಯ ಹೊನ್ನಪ್ಪನ ಕಿವಿಯ ಹತ್ತಿರ ಬಂದು, "ಮರಳು ಕಮ್ಮಿ ಆಯ್ತಲ್ಲಣ್ಣ, ಎರಡಂತಸ್ತೇ ಮಾಡ್ಬುಡಣ್ವಾ?" ಎಂದ.

ದಸರಾ ರಜೆ ಮುಗಿದ ಸೋಮವಾರ ಹೊನ್ನಪ್ಪ ಮಗಳನ್ನು ಶಾಲೆಗೆ ಕರೆದುಕೊಂಡು ಹೊರಟ. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಕರೆದ. ಗೇಟಿನ ಹತ್ತಿರ ನಾಲ್ಕೈದು ಹುಡುಗಿಯರು "ಅರ್ಪೀ!" ಎಂದು ಕೂಗಿದ್ದೇ ತಡ, ಅವಳು ಅಪ್ಪನ ಕೈ ಕೊಡವಿ ಓಡಿದಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಹೊನ್ನಪ್ಪ ಖಾಲಿ ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

ಸುನಿತಾ ಮೇಡಂ ಕುರ್ಚಿ ತೋರಿಸಿ, ಎರಡು ತಿಂಗಳ ಗೈರುಹಾಜರಿಗೆ ರಜಾ ಚೀಟಿ ಬೇಕು, ಕಾರಣ ಬರೆಯಿರಿ ಎಂದರು. "ಎಲ್ಲರೂ ಜ್ವರ ಅಂತ ಬರೀತಾರೆ" ಎಂದು ದಾರಿಯನ್ನೂ ತೋರಿಸಿದರು. ಹೊನ್ನಪ್ಪ ನನ್ನ ಪೆನ್ನು ಇಸಿದುಕೊಂಡು ಬಗ್ಗಿ ಬಹಳ ಹೊತ್ತು ಬರೆದ. ಹೆಗಲ ಮೇಲಿಂದ ಬಗ್ಗಿ ಓದಿದೆ. ಮೂವತ್ತು ವರ್ಷದ ಅಭ್ಯಾಸ, ಬಿಡಲಾಗುವುದಿಲ್ಲ.

"ಮಾನ್ಯರೇ, ನನ್ನ ಮಗಳು ಅರ್ಪಿತ ಎರಡು ತಿಂಗಳಿಂದ ಶಾಲೆಗೆ ಬಂದಿರುವುದಿಲ್ಲ. ಅವಳಿಗೆ ಜ್ವರ ಇರಲಿಲ್ಲ. ಅವಳು ಮನೆಯಲ್ಲಿ ಇಲ್ಲದಿದ್ದರೆ ನನಗೆ ಹೊತ್ತು ಹೋಗುವುದಿಲ್ಲವಾದ ಕಾರಣ ಮನೆಯಲ್ಲೇ ಇಟ್ಟುಕೊಂಡಿದ್ದೆನು. ಇನ್ನು ಮುಂದೆ ಅಭ್ಯಾಸ ಮಾಡಿಕೊಳ್ಳುತ್ತೇನೆಂದು ಈ ಮೂಲಕ ತಿಳಿಸುತ್ತೇನೆ. ಇಂತಿ ತಮ್ಮ ವಿಧೇಯ, ಹೊನ್ನಪ್ಪ."

ಮೇಡಂ ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ ಅದರ ಕೆಳಗೆ "ಮಂಜೂರಾಗಿದೆ" ಎಂದು ಬರೆದು ಸಹಿ ಹಾಕಿದರು.

"ಸಂಜೆ ಬೆಲ್ಲು ಎಷ್ಟೊತ್ಗೆ ಒಡೀತೀರಾ ಮೇಡಂ?" ಎಂದು ಕೇಳಿದ ಹೊನ್ನಪ್ಪ.

"ನಾಲ್ಕೂವರೆಗೆ."

ಹೊನ್ನಪ್ಪ ಕೈಗಡಿಯಾರ ನೋಡಿಕೊಂಡ. ಹತ್ತು ಗಂಟೆ ಹತ್ತು ನಿಮಿಷವಾಗಿತ್ತು.